ಕುಸಿದ ಪ್ರೋಗ್ರಾಮಿನಲ್ಲಿ ಕಾಯುತ್ತಿದ್ದವರು: ಕೋರ್ ಡಂಪ್‌ನಲ್ಲಿ ಕೋರೂಟೀನುಗಳ ಶೋಧ

ಪ್ರವೇಶ

ಜಾನಪದವೆಂದರೆ ಗ್ರಾಮೀಣ ಸಮುದಾಯಗಳ ಮೌಖಿಕ ಪರಂಪರೆ ಮಾತ್ರ ಎಂಬ ಗ್ರಹಿಕೆ ವಿದ್ವತ್ ವಲಯದಲ್ಲಿ ಹಿಂದೆ ಸರಿದು ಅರ್ಧ ಶತಮಾನವೇ ಕಳೆದಿದೆ. ಕನಿಷ್ಠ ಒಂದು ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪನ್ನು ‘ಜನ’ ಎಂದು ಪರಿಗಣಿಸಬಹುದೆಂದು ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಪ್ರತಿಪಾದಿಸಿದ ಮೇಲೆ, ವೃತ್ತಿ ಸಮುದಾಯಗಳ ನುಡಿಗಟ್ಟು, ನಂಬಿಕೆ, ಕೌಶಲಗಳೂ ಅಧ್ಯಯನದ ವ್ಯಾಪ್ತಿಗೆ ಬಂದವು. ಡಂಡೆಸ್ ಮತ್ತು ಕಾರ್ಲ್ ಪ್ಯಾಗ್ಟರ್ ಅವರು ಕಚೇರಿಗಳಲ್ಲಿ ಕೈಯಿಂದ ಕೈಗೆ ಹರಿದಾಡುತ್ತಿದ್ದ ಹಾಸ್ಯಪತ್ರಗಳನ್ನು ಸಂಗ್ರಹಿಸಿ 1975ರಲ್ಲಿ ಪ್ರಕಟಿಸಿದರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ ರಫೇಲ್ ಫಿಂಕೆಲ್ ಅವರು ಗಣಕ ತಜ್ಞರ ಆಡುನುಡಿಯನ್ನು ಪಟ್ಟಿಮಾಡತೊಡಗಿದರು. ‘ಜಾರ್ಗನ್ ಫೈಲ್’ ಎಂಬ ಹೆಸರಿನ ಆ ಸಂಗ್ರಹ 1983ರಲ್ಲಿಯೂ, ವಿಸ್ತೃತ ರೂಪದಲ್ಲಿ 1991ರಲ್ಲಿಯೂ ಪುಸ್ತಕವಾಗಿ ಬಂದಿತು. ಅದರಲ್ಲಿ ದಾಖಲಾದ ಪದಗಳಲ್ಲಿ ‘ಕೋರ್ ಡಂಪ್’ ಎಂಬುದೂ ಒಂದು. ಯಂತ್ರದ ಸ್ಥಿತಿಯನ್ನು ಸೂಚಿಸುವ ಈ ಪದವನ್ನು, ತನಗೆ ತಿಳಿದುದೆಲ್ಲವನ್ನೂ ಒಮ್ಮೆಲೇ ಹೊರಹಾಕುವ ಮನುಷ್ಯನಿಗೂ ಆ ಸಮುದಾಯ ಅನ್ವಯಿಸಿತ್ತೆಂಬುದು ಗಮನಾರ್ಹ.

ಕುಸಿದು ನಿಂತ ಪ್ರೋಗ್ರಾಮಿನ ಕೋರ್ ಡಂಪ್‌ನಿಂದ ಕೋರೂಟೀನುಗಳ ಸ್ಥಿತಿಯನ್ನು ಮರಳಿ ಕಟ್ಟಿಕೊಳ್ಳುವ ವಿಧಾನವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕುಸಿತದ ಕ್ಷಣದಲ್ಲಿ ಯಾರು ಕೆಲಸ ಮಾಡುತ್ತಿದ್ದರೆಂಬುದನ್ನು ಯಂತ್ರದ ದಾಖಲೆ ಹೆಸರಿಸಿ ಹೇಳುತ್ತದೆ. ಯಾರು ಕಾಯುತ್ತಿದ್ದರೆಂಬುದನ್ನು ಅದು ಹೇಳುವುದಿಲ್ಲ. ಆದರೆ ಕಾಯುತ್ತಿದ್ದವರ ಕುರುಹು ಅದೇ ದಾಖಲೆಯೊಳಗೆ ಹೆಸರಿಲ್ಲದೆ ಉಳಿದಿರುತ್ತದೆ. ಅದನ್ನು ಓದುವ ತಿಳಿವಳಿಕೆ ಬಹುಕಾಲ ವೃತ್ತಿನಿರತರ ಪರಂಪರೆಯಲ್ಲಿ ಮಾತ್ರ ಇದ್ದು, ಈಚೆಗಷ್ಟೇ ಉಪಕರಣಗಳ ರೂಪ ಪಡೆಯುತ್ತಿದೆ.

1. ‘ಕೋರ್’ ಎಂಬ ಉಳಿಕೆ

ಬಳಕೆಯ ಸಂದರ್ಭ ಮರೆಯಾದ ನಂತರವೂ ಹೆಸರಿನಲ್ಲಿ ಉಳಿದು ಬರುವ ಅಂಶಗಳನ್ನು ಜಾನಪದ ಶಾಸ್ತ್ರದಲ್ಲಿ ಉಳಿಕೆಗಳೆಂದು ಗುರುತಿಸಲಾಗುತ್ತದೆ. ‘ಕೋರ್’ ಅಂತಹ ಒಂದು ಪದ. 1950ರ ದಶಕದಿಂದ 1970ರ ದಶಕದವರೆಗೆ ಗಣಕಯಂತ್ರಗಳ ಮುಖ್ಯ ಸ್ಮೃತಿ ಫೆರೈಟ್ ಎಂಬ ಕಾಂತೀಯ ವಸ್ತುವಿನ ಸಣ್ಣ ಬಳೆಗಳಿಂದ ರಚಿತವಾಗಿತ್ತು. ಬಳೆಗಳ ನಡುವೆ ತೆಳುವಾದ ತಂತಿಗಳನ್ನು ಬಟ್ಟೆ ನೇಯ್ದಂತೆ ಅಡ್ಡ ಮತ್ತು ಉದ್ದವಾಗಿ ಪೋಣಿಸಲಾಗುತ್ತಿತ್ತು. ಒಂದೊಂದು ಬಳೆಯೂ ಒಂದು ‘ಕೋರ್’. ಒಂದೊಂದೂ ಒಂದು ಬಿಟ್ ಮಾಹಿತಿಯನ್ನು ಹಿಡಿದಿಡುತ್ತಿತ್ತು. ಅಮೆರಿಕದ ಎಂಐಟಿಯಲ್ಲಿ ಜೇ ಫಾರೆಸ್ಟರ್ ಅವರ ನೇತೃತ್ವದಲ್ಲಿ ರೂಪುಗೊಂಡ ವರ್ಲ್‌ವಿಂಡ್ ಗಣಕ 1953ರಲ್ಲಿ ಈ ಬಗೆಯ ಸ್ಮೃತಿಯನ್ನು ಬಳಸಿತು.

ಪ್ರೋಗ್ರಾಮೊಂದು ತಪ್ಪಿ ನಿಂತಾಗ ಈ ಬಳೆಗಳಲ್ಲಿದ್ದ ಸಂಖ್ಯೆಗಳನ್ನೆಲ್ಲ ಕಾಗದದ ಮೇಲೆ ಮುದ್ರಿಸಿ, ತಜ್ಞರು ಅದನ್ನು ಮುಂದಿಟ್ಟುಕೊಂಡು ಕಾರಣ ಹುಡುಕುತ್ತಿದ್ದರು. ಅರೆವಾಹಕ ಬಿಲ್ಲೆಗಳು ಬಂದು ಬಳೆಗಳು ಮೂಲೆಗುಂಪಾದವು. ಹೆಸರು ಮಾತ್ರ ಉಳಿಯಿತು. ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆ ಕುಸಿದ ಪ್ರೋಗ್ರಾಮಿನ ಸ್ಮೃತಿಯನ್ನು ‘ಕೋರ್’ ಎಂಬ ಹೆಸರಿನ ಕಡತವಾಗಿಯೇ ಬರೆದಿಡುತ್ತಿತ್ತು. ಇಂದಿನ ಲಿನಕ್ಸ್ ಕೂಡ ಈ ಪದ್ಧತಿಯನ್ನು ಮುಂದುವರಿಸಿಕೊಂಡು ಬಂದಿದೆ. ಮಾನ್ಯವಲ್ಲದ ಸ್ಮೃತಿ ವಿಳಾಸವನ್ನು ಮುಟ್ಟಿದ ಪ್ರೋಗ್ರಾಮಿಗೆ ಲಿನಕ್ಸ್ ಸಾಮಾನ್ಯವಾಗಿ 11ನೆಯ ಸಂಕೇತವನ್ನೂ, ತನ್ನಷ್ಟಕ್ಕೆ ತಾನೇ ನಿಲ್ಲಲು ನಿರ್ಧರಿಸಿದ ಪ್ರೋಗ್ರಾಮಿಗೆ 6ನೆಯ ಸಂಕೇತವನ್ನೂ ನೀಡುತ್ತದೆ. ಈ ಎರಡರಲ್ಲಿ ಯಾವುದು ಬಂದರೂ, ಅನುಮತಿ ಇದ್ದಲ್ಲಿ, ಸ್ಮೃತಿಯ ಪ್ರತಿಯೊಂದು ಡಿಸ್ಕಿಗೆ ಇಳಿಯುತ್ತದೆ. ಪ್ರತಿಯೊಂದು ತ್ರೆಡ್ ಕುಸಿತದ ಕ್ಷಣದಲ್ಲಿ ಹೊಂದಿದ್ದ ರಿಜಿಸ್ಟರುಗಳ ಮೌಲ್ಯಗಳು ಅದರಲ್ಲಿರುತ್ತವೆ. ಸ್ಮೃತಿಯ ಭಾಗಗಳು ತಮ್ಮ ಮೂಲ ವಿಳಾಸಗಳ ಸಹಿತ ಇರುತ್ತವೆ.

2. ಸ್ಟ್ಯಾಕ್: ಯಂತ್ರದ ನೇರ ಸಾಕ್ಷ್ಯ

ಕೋರ್ ಡಂಪ್ ಓದಲು ಬಳಸುವ ಉಪಕರಣಕ್ಕೆ ಡಿಬಗ್ಗರ್ ಎಂದು ಹೆಸರು. ಇವುಗಳಲ್ಲಿ ಬಹುಪ್ರಚಲಿತವಾದ ಜಿಡಿಬಿಯನ್ನು ರಿಚರ್ಡ್ ಸ್ಟಾಲ್‌ಮನ್ ಅವರು 1986ರಲ್ಲಿ ರಚಿಸಿದರು. ಕಡತವನ್ನು ತೆರೆದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ‘ಇಲ್ಲಿಗೆ ಬಂದದ್ದು ಹೇಗೆ?’ ಎಂಬುದು. ಇದಕ್ಕೆ ಉತ್ತರ ಸ್ಟ್ಯಾಕ್ ಎಂಬ ಸ್ಮೃತಿಭಾಗದಲ್ಲಿರುತ್ತದೆ.

ಸ್ಟ್ಯಾಕಿನ ತತ್ತ್ವ ಕಥಾಸಾಹಿತ್ಯದ ಅಭ್ಯಾಸಿಗಳಿಗೆ ಅಪರಿಚಿತವಲ್ಲ. ಪಂಚತಂತ್ರದಲ್ಲಿ ಒಂದು ಕಥೆಯ ಪಾತ್ರ ಇನ್ನೊಂದು ಕಥೆಯನ್ನು ಹೇಳತೊಡಗುತ್ತದೆ. ಆ ಕಥೆಯೊಳಗಿನ ಪಾತ್ರ ಮತ್ತೊಂದನ್ನು ಆರಂಭಿಸುತ್ತದೆ. ಒಳಗಿನ ಕಥೆ ಮುಗಿದ ಹೊರತು ಹೊರಗಿನದು ಮುಂದುವರಿಯುವುದಿಲ್ಲ. ಫಂಕ್ಷನ್‌ಗಳ ಕರೆಯೂ ಇದೇ ಬಗೆಯದು. ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ, ಕೆಲಸ ಮುಗಿದ ಮೇಲೆ ಮರಳಬೇಕಾದ ವಿಳಾಸ ಮತ್ತು ಸ್ಥಳೀಯ ಮೌಲ್ಯಗಳು ಒಂದು ಚೌಕಟ್ಟಾಗಿ ಸ್ಟ್ಯಾಕಿನ ಮೇಲೆ ಕೂರುತ್ತವೆ. ಡಿಬಗ್ಗರ್ ಈ ಚೌಕಟ್ಟುಗಳನ್ನು ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಬಿಡಿಸಿ, ಕೊನೆಯ ಫಂಕ್ಷನ್‌ನಿಂದ ಮೊದಲನೆಯದರವರೆಗಿನ ಪಟ್ಟಿಯನ್ನು ನೀಡುತ್ತದೆ. ವೃತ್ತಿಭಾಷೆಯಲ್ಲಿ ಇದಕ್ಕೆ ‘ಬ್ಯಾಕ್‌ಟ್ರೇಸ್’ ಎಂದು ಹೆಸರು. ಕರೆದವನು ಒಳಗಿನವನು ಮುಗಿಸುವವರೆಗೆ ಸ್ಟ್ಯಾಕಿನಲ್ಲಿಯೇ ಇರುತ್ತಾನೆ ಎಂಬುದು ಈ ಸಾಕ್ಷ್ಯದ ಆಧಾರ. ಕೋರೂಟೀನುಗಳಲ್ಲಿ ಈ ಆಧಾರವೇ ತಪ್ಪುತ್ತದೆ.

3. ಕೋರೂಟೀನ್: ಅರ್ಧದಲ್ಲಿ ನಿಂತು ಮರಳುವ ಕ್ರಮ

‘ಕೋರೂಟೀನ್’ ಎಂಬ ಪದವನ್ನು 1958ರಲ್ಲಿ ಬಳಕೆಗೆ ತಂದವರು ಮೆಲ್ವಿನ್ ಕಾನ್ವೇ. ಕೋಬಾಲ್ ಭಾಷೆಯ ಕಂಪೈಲರ್ ಒಂದರ ರಚನೆಯನ್ನು ವಿವರಿಸುವ ಅವರ ಪ್ರಬಂಧ 1963ರಲ್ಲಿ ಪ್ರಕಟವಾಯಿತು. ಸಾಮಾನ್ಯ ಫಂಕ್ಷನ್ ಆರಂಭವಾದರೆ ಮುಗಿದೇ ಮರಳುತ್ತದೆ. ಕೋರೂಟೀನ್ ಹಾಗಲ್ಲ, ಅದು ನಡುವೆ ನಿಂತು, ನಿಯಂತ್ರಣವನ್ನು ಬೇರೆಯವರಿಗೆ ಒಪ್ಪಿಸಿ, ಅನಂತರ ನಿಂತಲ್ಲಿಂದಲೇ ಮುಂದುವರಿಯಬಲ್ಲದು. ತಾಳಮದ್ದಲೆಯಲ್ಲಿ ಭಾಗವತರು ಪದ ಹಾಡಿ ನಿಲ್ಲಿಸುತ್ತಾರೆ, ಅರ್ಥಧಾರಿ ಮಾತು ಬೆಳೆಸುತ್ತಾನೆ, ಆ ಮಾತು ಒಂದು ನಿಲುಗಡೆಗೆ ಬಂದಾಗ ಭಾಗವತರು ಪ್ರಸಂಗದಲ್ಲಿ ತಾವು ಬಿಟ್ಟ ಎಡೆಯಿಂದಲೇ ಮುಂದಿನ ಪದಕ್ಕೆ ಹೋಗುತ್ತಾರೆ. ಇಬ್ಬರಲ್ಲಿ ಯಾರೂ ಇನ್ನೊಬ್ಬರೊಳಗೆ ಸೇರಿದವರಲ್ಲ. ತಾನೆಲ್ಲಿ ನಿಂತೆ ಎಂಬ ನೆನಪು ಪ್ರತಿಯೊಬ್ಬರಲ್ಲೂ ಪ್ರತ್ಯೇಕವಾಗಿರುತ್ತದೆ. ಕೋರೂಟೀನಿನ ತತ್ತ್ವವನ್ನು ಗ್ರಹಿಸಲು ಈ ಹೋಲಿಕೆ ಸಾಕು.

ಡೊನಾಲ್ಡ್ ಕ್ನೂತ್ ಅವರು 1968ರಲ್ಲಿ ಪ್ರಕಟವಾದ ತಮ್ಮ ಗ್ರಂಥದ ಮೊದಲ ಸಂಪುಟದಲ್ಲಿಯೇ ಇದಕ್ಕೆ ಒಂದು ಭಾಗವನ್ನು ಮೀಸಲಿಟ್ಟರು. ನಾರ್ವೆಯ ಸಿಮುಲಾ ಭಾಷೆ ಇದನ್ನು ಅಳವಡಿಸಿಕೊಂಡಿತ್ತು. ಆದರೂ ಬಹುಕಾಲ ಈ ಕಲ್ಪನೆ ಅಂಚಿನಲ್ಲಿಯೇ ಉಳಿಯಿತು. ಬ್ರೆಜಿಲ್‌ನ ಲುವಾ ಭಾಷೆಯ 2003ರ ಆವೃತ್ತಿ, 2015ರ ಪೈಥಾನ್ 3.5, 2019ರ ರಸ್ಟ್ 1.39, 2020ರ ಸಿ ಪ್ಲಸ್ ಪ್ಲಸ್ ಪ್ರಮಾಣಕ ಇವುಗಳ ಮೂಲಕ ಅದು ಮುಖ್ಯಧಾರೆಗೆ ಬಂದಿತು. ಇದಕ್ಕೆ ಕಾರಣ ಸ್ಪಷ್ಟವಿದೆ. ಸಾವಿರಾರು ಗ್ರಾಹಕರಿಗೆ ಏಕಕಾಲದಲ್ಲಿ ಉತ್ತರಿಸುವ ಸರ್ವರ್ ತನ್ನ ಬಹುಪಾಲು ಸಮಯವನ್ನು ಕಾಯುವುದರಲ್ಲಿ ಕಳೆಯುತ್ತದೆ. ಕಾಯುವ ಪ್ರತಿಯೊಬ್ಬರಿಗೂ ಒಂದು ತ್ರೆಡ್ ಮತ್ತು ಪೂರ್ಣ ಸ್ಟ್ಯಾಕ್ ಮೀಸಲಿಡುವುದು ದುಬಾರಿ. ಕೋರೂಟೀನ್ ಆದರೆ ನಿಂತಾಗ ಸ್ಟ್ಯಾಕನ್ನು ತೆರವು ಮಾಡಿ, ಮುಂದೆ ಬೇಕಾದ ಮೌಲ್ಯಗಳನ್ನು ಮಾತ್ರ ಬೇರೆಡೆ ಇರಿಸುತ್ತದೆ. ಹೀಗೆ ತೆರವಾದುದರಿಂದಲೇ ಬ್ಯಾಕ್‌ಟ್ರೇಸಿನಿಂದ ಅದರ ಹೆಸರು ಅಳಿದುಹೋಗುತ್ತದೆ.

4. ಚೌಕಟ್ಟಿನ ರಚನೆ

ಸಿ ಪ್ಲಸ್ ಪ್ಲಸ್ ಭಾಷೆಯ ಕೋರೂಟೀನುಗಳನ್ನು ಇಲ್ಲಿ ಮುಖ್ಯ ನಿದರ್ಶನವಾಗಿ ಪರಿಶೀಲಿಸಬಹುದು. ಇಲ್ಲಿ ಕೋರೂಟೀನಿನ ಚೌಕಟ್ಟು ಸಾಮಾನ್ಯವಾಗಿ ‘ಹೀಪ್’ ಎಂಬ ಮುಕ್ತ ಸ್ಮೃತಿಭಾಗದಲ್ಲಿ ನಿರ್ಮಾಣವಾಗುತ್ತದೆ. ಪ್ರಚಲಿತ ಕಂಪೈಲರುಗಳಲ್ಲಿ ಅದರ ಆರಂಭದ ವಿನ್ಯಾಸ ಸಮಾನವಾಗಿದೆ. ಮೊದಲ ಸ್ಥಾನದಲ್ಲಿ, ಆ ಕೋರೂಟೀನನ್ನು ಮುಂದುವರಿಸಲು ಕರೆಯಬೇಕಾದ ಫಂಕ್ಷನ್‌ನ ವಿಳಾಸ. ಎರಡನೆಯದರಲ್ಲಿ, ಅದನ್ನು ವಿಸರ್ಜಿಸುವ ಫಂಕ್ಷನ್‌ನ ವಿಳಾಸ. 64 ಬಿಟ್ ಯಂತ್ರದಲ್ಲಿ ಇವೆರಡೂ ಸೇರಿ 16 ಬೈಟುಗಳು. ಇದರ ನಂತರ ‘ಪ್ರಾಮಿಸ್’ ಎಂಬ ವಸ್ತು ಬರುತ್ತದೆ. ಫಲಿತಾಂಶವನ್ನು ಎಲ್ಲಿ ಇಡಬೇಕು, ಮುಗಿದ ಮೇಲೆ ಯಾರನ್ನು ಎಚ್ಚರಿಸಬೇಕು ಎಂಬ ವಿವರಗಳು ಇದರಲ್ಲಿರುತ್ತವೆ. ಮುಂದಿನ ಭಾಗದಲ್ಲಿ, ಯಾವ ನಿಲುಗಡೆಯಲ್ಲಿ ನಿಂತಿದೆ ಎಂಬುದನ್ನು ಹೇಳುವ ಒಂದು ಸಣ್ಣ ಸಂಖ್ಯೆ, ಕೋರೂಟೀನಿಗೆ ನೀಡಿದ ವಾದಗಳು ಮತ್ತು ನಿಲುಗಡೆಯ ಆಚೆಗೂ ಬೇಕಾಗುವ ಸ್ಥಳೀಯ ಮೌಲ್ಯಗಳು ಇರುತ್ತವೆ.

ಮೊದಲ ಸ್ಥಾನದಲ್ಲಿರುವ ವಿಳಾಸ ಶೋಧಕನಿಗೆ ಅತ್ಯಂತ ಮುಖ್ಯವಾದ ಕುರುಹು. ಹೀಪ್‌ನಲ್ಲಿರುವ ಬೈಟುಗಳಿಗೆ ತಮ್ಮದೇ ಆದ ಹೆಸರಿಲ್ಲ. ಆದರೆ ಆ ವಿಳಾಸ ಪ್ರೋಗ್ರಾಮಿನ ಸಂಕೇತಭಾಗವನ್ನು ತೋರಿಸುವುದರಿಂದ, ಡಿಬಗ್ಗರ್ ಅದಕ್ಕೆ ಸಂಬಂಧಿಸಿದ ಫಂಕ್ಷನ್‌ನ ಹೆಸರನ್ನು ಹೇಳಬಲ್ಲದು. ಅನಾಮಿಕವಾಗಿದ್ದ ಬೈಟುಗಳ ಗುಂಪಿಗೆ ಹೀಗೆ ಗುರುತು ದೊರೆಯುತ್ತದೆ. ಆ ಸ್ಥಾನದಲ್ಲಿ ಶೂನ್ಯವಿದ್ದರೆ, ಕೋರೂಟೀನ್ ತನ್ನ ಅಂತಿಮ ನಿಲುಗಡೆಯನ್ನು ತಲುಪಿದೆ, ಇನ್ನು ಮುಂದುವರಿಯುವುದಿಲ್ಲ ಎಂದರ್ಥ.

ಒಂದು ಕೋರೂಟೀನ್ ತನಗಾಗಿ ಕಾಯುತ್ತಿರುವವನ ಗುರುತನ್ನು ಎಲ್ಲಿ ಇರಿಸಿಕೊಳ್ಳಬೇಕೆಂಬುದನ್ನು ಭಾಷೆಯ ಪ್ರಮಾಣಕ ನಿಗದಿಪಡಿಸಿಲ್ಲ. ಅದನ್ನು ಆಯಾ ಲೈಬ್ರರಿಯ ರಚನಾಕಾರರಿಗೆ ಬಿಡಲಾಗಿದೆ. ಹೆಚ್ಚಿನವರು ಪ್ರಾಮಿಸ್‌ನೊಳಗೆ ಇರಿಸುತ್ತಾರೆ. ಆದರೆ ಎಷ್ಟನೆಯ ಬೈಟಿನಲ್ಲಿ, ಯಾವ ರೂಪದಲ್ಲಿ ಎಂಬುದು ಲೈಬ್ರರಿಯಿಂದ ಲೈಬ್ರರಿಗೆ ಬದಲಾಗುತ್ತದೆ. ಹೀಗಾಗಿ ಈ ವಿದ್ಯೆಗೆ ಸಾರ್ವತ್ರಿಕವಾದ ಒಂದು ಭಾಗವೂ, ಪ್ರಾದೇಶಿಕವೆನ್ನಬಹುದಾದ ಇನ್ನೊಂದು ಭಾಗವೂ ಇವೆ. ಎರಡನೆಯದನ್ನು ಆ ಲೈಬ್ರರಿಯೊಡನೆ ಬಾಳಿದವರಿಂದಲೇ ಕಲಿಯಬೇಕಾಗುತ್ತದೆ.

5. ಶೋಧನಾ ಕ್ರಮ: ಒಂದು ನಿದರ್ಶನ

ವಿವರಣೆಯ ಅನುಕೂಲಕ್ಕಾಗಿ ದತ್ತಾಂಶ ಸರ್ವರ್ ಒಂದನ್ನು ಕಲ್ಪಿಸಿಕೊಳ್ಳಬಹುದು. ಅದರಲ್ಲಿ ಮೂರು ಕೋರೂಟೀನುಗಳಿವೆ. ಮೊದಲನೆಯದು ಗ್ರಾಹಕನ ವಿನಂತಿಯನ್ನು ಸ್ವೀಕರಿಸುತ್ತದೆ. ಅದು ದಾಖಲೆಯನ್ನು ಹುಡುಕುವ ಎರಡನೆಯದಕ್ಕಾಗಿ ಕಾಯುತ್ತದೆ. ಎರಡನೆಯದು ಡಿಸ್ಕಿನಿಂದ ಓದುವ ಮೂರನೆಯದಕ್ಕಾಗಿ ಕಾಯುತ್ತದೆ. ಮೂರನೆಯದು ಡಿಸ್ಕಿಗೆ ಕೋರಿಕೆ ಸಲ್ಲಿಸಿ ನಿಲ್ಲುತ್ತದೆ. ಈ ಹಂತದಲ್ಲಿ ಮೂರರ ಚೌಕಟ್ಟುಗಳೂ ಹೀಪ್‌ನಲ್ಲಿವೆ. ಸ್ಟ್ಯಾಕಿನಲ್ಲಿ ಮೂವರಲ್ಲಿ ಯಾರೂ ಇಲ್ಲ. ಡಿಸ್ಕಿನ ಉತ್ತರ ಬಂದಾಗ ಸರ್ವರಿನ ಮುಖ್ಯ ಆವರ್ತವು ಮೂರನೆಯದನ್ನು ಮಾತ್ರ ಎಬ್ಬಿಸುತ್ತದೆ. ಎದ್ದ ಕೋರೂಟೀನ್ ತಪ್ಪು ವಿಳಾಸವನ್ನು ಮುಟ್ಟಿ ಪ್ರೋಗ್ರಾಂ ಕುಸಿಯುತ್ತದೆ.

ಕೋರ್ ಡಂಪ್ ತೆರೆದಾಗ ಬ್ಯಾಕ್‌ಟ್ರೇಸಿನಲ್ಲಿ ಮುಖ್ಯ ಫಂಕ್ಷನ್, ಆವರ್ತ ಮತ್ತು ಡಿಸ್ಕ್ ಓದುವ ಕೋರೂಟೀನ್ ಮಾತ್ರ ಕಾಣುತ್ತವೆ. ಯಾವ ದಾಖಲೆಗಾಗಿ, ಯಾರ ವಿನಂತಿಗಾಗಿ ಈ ಓದು ನಡೆದಿತ್ತೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಡಿಸ್ಕ್ ಓದುವ ಸಂಕೇತ ದಿನಕ್ಕೆ ಲಕ್ಷಾಂತರ ಬಾರಿ ನಿರ್ದೋಷವಾಗಿ ನಡೆದಿರುವಾಗ, ದೋಷ ಕರೆದವರ ಕಡೆ ಇರುವ ಸಂಭವವೇ ಹೆಚ್ಚು. ಕರೆದವರು ಪಟ್ಟಿಯಲ್ಲಿಲ್ಲ ಎಂಬುದೇ ಇಲ್ಲಿನ ತೊಡಕು.

ಶೋಧನೆ ನಾಲ್ಕು ಹೆಜ್ಜೆಗಳಲ್ಲಿ ಸಾಗುತ್ತದೆ. ಮೊದಲನೆಯದಾಗಿ, ಕುಸಿದ ಕೋರೂಟೀನಿನ ಚೌಕಟ್ಟಿನ ವಿಳಾಸವನ್ನು ಪತ್ತೆಹಚ್ಚಬೇಕು. ಮುಂದುವರಿಸುವ ಫಂಕ್ಷನ್‌ಗೆ ಬರುವ ಏಕೈಕ ವಾದ ಈ ವಿಳಾಸವೇ ಆಗಿರುವುದರಿಂದ, ಸ್ಟ್ಯಾಕಿನಲ್ಲಿಯೋ ರಿಜಿಸ್ಟರಿನಲ್ಲಿಯೋ ಅದು ದೊರೆಯುವ ಸಾಧ್ಯತೆ ಹೆಚ್ಚು. ಎರಡನೆಯದಾಗಿ, 16 ಬೈಟುಗಳನ್ನು ದಾಟಿ ಪ್ರಾಮಿಸ್‌ನ್ನು ತಲುಪಿ, ಅದರಲ್ಲಿ ಕಾಯುತ್ತಿರುವವನ ಚೌಕಟ್ಟಿನ ವಿಳಾಸವನ್ನು ಓದಬೇಕು. ಮೂರನೆಯದಾಗಿ, ಆ ಚೌಕಟ್ಟಿನ ಮೊದಲ ಸ್ಥಾನದ ವಿಳಾಸವನ್ನು ಡಿಬಗ್ಗರಿಗೆ ನೀಡಿ ಹೆಸರು ಪಡೆಯಬೇಕು. ಎರಡನೆಯ ಕೋರೂಟೀನಿನ ಹೆಸರು ಆಗ ಬೆಳಕಿಗೆ ಬರುತ್ತದೆ. ನಾಲ್ಕನೆಯದಾಗಿ, ನಿಲುಗಡೆಯ ಸಂಖ್ಯೆಯನ್ನು ಮೂಲ ಸಂಕೇತದೊಡನೆ ಹೋಲಿಸಿ, ಅದು ಯಾವ ಸಾಲಿನಲ್ಲಿ ನಿಂತಿತ್ತೆಂಬುದನ್ನು ನಿರ್ಧರಿಸಬೇಕು. ಇದೇ ಕ್ರಮವನ್ನು ಪುನರಾವರ್ತಿಸಿದರೆ ಮೊದಲ ಕೋರೂಟೀನಿನವರೆಗೆ, ಅಂದರೆ ಗ್ರಾಹಕನ ವಿನಂತಿಯವರೆಗೆ ಸರಪಳಿ ಕೂಡಿಕೊಳ್ಳುತ್ತದೆ.

ಹೀಗೆ ಹಿಂಬಾಲಿಸಿದಾಗ ಮತ್ತೆ ಮತ್ತೆ ಎದುರಾಗುವ ಒಂದು ದೋಷವಿದೆ. ಕರೆದವನು ಒಂದು ವಸ್ತುವನ್ನು ನೀಡದೆ ಅದರ ವಿಳಾಸವನ್ನಷ್ಟೇ ಕೋರೂಟೀನಿಗೆ ನೀಡಿರುತ್ತಾನೆ. ಕೋರೂಟೀನ್ ಕಾಯುತ್ತಿರುವಾಗ ಆ ವಸ್ತುವಿನ ಆಯುಷ್ಯ ಮುಗಿದುಹೋಗುತ್ತದೆ. ಎದ್ದು ನೋಡಿದಾಗ ವಿಳಾಸವಿದೆ, ವಸ್ತುವಿಲ್ಲ. ಲ್ಯಾಂಬ್ಡಾ ಎಂಬ ಅನಾಮಿಕ ಫಂಕ್ಷನ್‌ಗಳಲ್ಲಿ ಈ ದೋಷ ಇನ್ನಷ್ಟು ಮರೆಯಾಗಿರುತ್ತದೆ: ಅದು ಹಿಡಿದಿಟ್ಟುಕೊಂಡ ಮೌಲ್ಯಗಳು ಕೋರೂಟೀನಿನ ಚೌಕಟ್ಟಿನಲ್ಲಿರದೆ ಲ್ಯಾಂಬ್ಡಾ ವಸ್ತುವಿನಲ್ಲಿಯೇ ಇರುವುದರಿಂದ, ಆ ವಸ್ತು ನಾಶವಾದರೆ ಅವೂ ನಾಶವಾಗುತ್ತವೆ. ಸಿ ಪ್ಲಸ್ ಪ್ಲಸ್ ಭಾಷೆಯ ಪ್ರಸಿದ್ಧ ಮಾರ್ಗದರ್ಶಿ ಸೂತ್ರಗಳಲ್ಲಿ ಈ ಎರಡೂ ಪದ್ಧತಿಗಳ ವಿರುದ್ಧ ಪ್ರತ್ಯೇಕ ಎಚ್ಚರಿಕೆಗಳಿವೆ. ಅನುಭವದಿಂದ ಮೂಡಿದ ತಿಳಿವು ವಿಧಿನಿಷೇಧದ ಸೂತ್ರವಾಗಿ ಮಾರ್ಪಟ್ಟಿರುವುದನ್ನು ಇಲ್ಲಿ ಗುರುತಿಸಬಹುದಾಗಿದೆ.

6. ಕುಸಿಯದೆ ಸ್ತಬ್ಧವಾದ ಪ್ರೋಗ್ರಾಂ

ಕುಸಿತಕ್ಕಿಂತ ಕಠಿಣವಾದುದು ಸ್ತಬ್ಧತೆ. ಸರ್ವರ್ ಜೀವಂತವಾಗಿದೆ, ಆದರೆ ಯಾರಿಗೂ ಉತ್ತರಿಸುತ್ತಿಲ್ಲ. ಇಂತಹ ಸಂದರ್ಭದಲ್ಲಿ ಪ್ರೋಗ್ರಾಮನ್ನು ಕೊಲ್ಲದೆಯೇ ಜಿಡಿಬಿಯೊಡನೆ ಬರುವ ‘ಜಿಕೋರ್’ ಉಪಕರಣದಿಂದ ಕೋರ್ ಡಂಪ್ ಪಡೆಯಲಾಗುತ್ತದೆ. ಅದನ್ನು ತೆರೆದಾಗ ಎಲ್ಲ ತ್ರೆಡ್‌ಗಳೂ ಹೊಸ ಘಟನೆಗಾಗಿ ಕಾರ್ಯಾಚರಣ ವ್ಯವಸ್ಥೆಯಲ್ಲಿ ಮಲಗಿರುವುದು ಕಾಣುತ್ತದೆ. ಬ್ಯಾಕ್‌ಟ್ರೇಸ್‌ಗಳೆಲ್ಲ ಒಂದೇ ಬಗೆಯವು. ದೋಷದ ಸುಳಿವು ಒಂದರಲ್ಲೂ ಇಲ್ಲ. ಹಿಡಿದು ಆರಂಭಿಸಲು ಕುಸಿದ ಕೋರೂಟೀನ್ ಕೂಡ ಇಲ್ಲ.

ಇಂತಹ ಎಡೆಯಲ್ಲಿ ಶೋಧಕರು ದಿಕ್ಕನ್ನು ತಿರುಗಿಸುತ್ತಾರೆ. ಪ್ರೋಗ್ರಾಮಿನಲ್ಲಿ ಇರಬಹುದಾದ ಕೋರೂಟೀನುಗಳ ಮುಂದುವರಿಸುವ ಫಂಕ್ಷನ್‌ಗಳ ವಿಳಾಸಗಳನ್ನು ಮೊದಲು ಪಟ್ಟಿಮಾಡಿ, ಅನಂತರ ಹೀಪ್ ಸ್ಮೃತಿಯನ್ನು 8 ಬೈಟುಗಳ ಹೆಜ್ಜೆಯಲ್ಲಿ ಆದಿಯಿಂದ ಅಂತ್ಯದವರೆಗೆ ಜಾಲಾಡಿ, ಆ ವಿಳಾಸಗಳು ಎಲ್ಲೆಲ್ಲಿ ಕಾಣಿಸುತ್ತವೆ ಎಂಬುದನ್ನು ಗುರುತಿಸುತ್ತಾರೆ. ಕಂಡ ಪ್ರತಿಯೊಂದು ಎಡೆಯೂ ಕಾಯುತ್ತಿರುವ ಕೋರೂಟೀನಿನ ಚೌಕಟ್ಟಿನ ಆರಂಭವಾಗಿರಬಹುದು. ‘ಆಗಿರಬಹುದು’ ಎಂಬ ಮಾತು ಇಲ್ಲಿ ಮುಖ್ಯ. ಎಂದೋ ಮುಗಿದು ಬಿಡುಗಡೆಯಾದ ಚೌಕಟ್ಟಿನ ಬೈಟುಗಳು ಅಳಿಯದೆ ಉಳಿದಿರಬಹುದು. ಕಾಕತಾಳೀಯವಾಗಿ ಅದೇ ಸಂಖ್ಯೆ ಬೇರೆಲ್ಲೋ ಇರಬಹುದು. ಆದ್ದರಿಂದ ಪಕ್ಕದ ಸ್ಥಾನದಲ್ಲಿ ಅದೇ ಕೋರೂಟೀನಿನ ವಿಸರ್ಜನಾ ಫಂಕ್ಷನ್‌ನ ವಿಳಾಸ ಇದೆಯೇ, ಆ ತುಣುಕು ಸ್ಮೃತಿ ವಿತರಕನ ಲೆಕ್ಕದಲ್ಲಿ ಇನ್ನೂ ಬಳಕೆಯಲ್ಲಿದೆಯೇ, ಬೇರೆ ಯಾವುದಾದರೂ ಜೀವಂತ ವಸ್ತು ಅದನ್ನು ಬೆರಳು ಮಾಡಿ ತೋರಿಸುತ್ತಿದೆಯೇ ಎಂಬ ಮೂರು ಪರೀಕ್ಷೆಗಳನ್ನು ನಡೆಸಲಾಗುತ್ತದೆ.

ಸಿಕ್ಕ ಚೌಕಟ್ಟುಗಳನ್ನು ಹೆಸರಿನ ಪ್ರಕಾರ ವಿಂಗಡಿಸಿ ಎಣಿಸಿದರೆ ಚಿತ್ರ ಸ್ಪಷ್ಟವಾಗತೊಡಗುತ್ತದೆ. ಸಾವಿರಾರು ಕೋರೂಟೀನುಗಳು ಒಂದೇ ಬೀಗಕ್ಕಾಗಿ ಕಾಯುತ್ತಿದ್ದರೆ, ಆ ಬೀಗವನ್ನು ಹಿಡಿದಿರುವವನು ಯಾರು, ಅವನು ಯಾವುದಕ್ಕಾಗಿ ಕಾಯುತ್ತಿದ್ದಾನೆ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಅವನು ಕಾಯುತ್ತಿರುವುದು ಸಾಲಿನಲ್ಲಿ ನಿಂತಿರುವವರಲ್ಲಿಯೇ ಒಬ್ಬನಿಗಾಗಿ ಎಂದು ತಿಳಿದರೆ ಸ್ತಬ್ಧತೆಯ ಕಾರಣ ಪೂರ್ಣವಾಗಿ ದೊರೆತಂತಾಯಿತು.

ಈ ಕ್ರಮಕ್ಕೆ ಸೀಸ್ಟಾರ್ ಎಂಬ ಮುಕ್ತ ತಂತ್ರಾಂಶ ಚೌಕಟ್ಟು ಮತ್ತು ಅದರ ಮೇಲೆ ಕಟ್ಟಿದ ಸಿಲ್ಲಾ ಡಿಬಿ ದತ್ತಾಂಶ ವ್ಯವಸ್ಥೆಗಳು ಉತ್ತಮ ನಿದರ್ಶನಗಳು. ಇವೆರಡೂ 2015ರಲ್ಲಿ ಬಹಿರಂಗಗೊಂಡವು. ಸೀಸ್ಟಾರ್‌ನಲ್ಲಿ ಕೋರೂಟೀನಿನ ಪ್ರಾಮಿಸ್ ‘ಟಾಸ್ಕ್’ ಎಂಬ ಸಾಮಾನ್ಯ ವರ್ಗದಿಂದ ಇಳಿದುಬಂದಿರುತ್ತದೆ. ಆದುದರಿಂದ ಹಳೆಯ ಶೈಲಿಯ ಕಾರ್ಯಗಳೂ ಕೋರೂಟೀನುಗಳೂ ಒಂದೇ ಸರಪಳಿಯಲ್ಲಿ ಬೆರೆತು ಬರಬಲ್ಲವು. ಸಿಲ್ಲಾ ಡಿಬಿಯ ಮೂಲ ಸಂಕೇತದೊಡನೆಯೇ ಜಿಡಿಬಿಗಾಗಿ ಬರೆದ ಪೈಥಾನ್ ಲಿಪಿಯೊಂದನ್ನು ಇರಿಸಲಾಗಿದೆ. ‘ಸಿಲ್ಲಾ ಫೈಬರ್’ ಎಂಬ ಅದರ ಆಜ್ಞೆ ಒಂದು ಕಾರ್ಯದಿಂದ ಹೊರಟು ಅದಕ್ಕಾಗಿ ಕಾಯುತ್ತಿರುವವರ ಸಾಲನ್ನು ಮುದ್ರಿಸುತ್ತದೆ. ವಿಳಾಸವೊಂದು ಬಳಕೆಯಲ್ಲಿರುವ ವಸ್ತುವಿಗೆ ಸೇರಿದುದೇ ಎಂಬುದನ್ನು ಇನ್ನೊಂದು ಆಜ್ಞೆ ತಿಳಿಸುತ್ತದೆ. ಜಿಡಿಬಿಗೆ 2009ರ 7.0 ಆವೃತ್ತಿಯಲ್ಲಿ ಪೈಥಾನ್ ಸೇರ್ಪಡೆಯಾದುದರಿಂದ ಇಂತಹ ಲಿಪಿಗಳ ರಚನೆ ಸಾಧ್ಯವಾಯಿತು.

7. ಭಾಷೆಯಿಂದ ಭಾಷೆಗೆ ಭಿನ್ನತೆ

ಒಂದೇ ಕಲ್ಪನೆ ಬೇರೆ ಬೇರೆ ಭಾಷೆಗಳಲ್ಲಿ ಭಿನ್ನ ಪಾಠಗಳನ್ನು ತಳೆದಿದೆ. 2009ರಲ್ಲಿ ಪ್ರಕಟವಾದ ಗೋ ಭಾಷೆಯ ‘ಗೋರೂಟೀನ್’ಗಳಿಗೆ ಪ್ರತ್ಯೇಕವಾದ ಸಣ್ಣ ಸ್ಟ್ಯಾಕ್ ಇರುತ್ತದೆ. ಕಾಯುವಾಗಲೂ ಆ ಸ್ಟ್ಯಾಕ್ ಹಾಗೆಯೇ ಉಳಿಯುತ್ತದೆ. ಅಲ್ಲದೆ ಎಲ್ಲ ಗೋರೂಟೀನುಗಳ ಪಟ್ಟಿಯನ್ನು ಭಾಷೆಯ ವ್ಯವಸ್ಥೆಯೇ ನಿರ್ವಹಿಸುವುದರಿಂದ, ಡೆಲ್ವ್ ಎಂಬ ಡಿಬಗ್ಗರ್ ಕೋರ್ ಡಂಪ್‌ನಿಂದ ಅವೆಲ್ಲವನ್ನೂ ಒಂದೊಂದರ ಬ್ಯಾಕ್‌ಟ್ರೇಸ್ ಸಹಿತ ತೋರಿಸಬಲ್ಲದು. ಇಲ್ಲಿ ಕಾಯುವವರ ಹಾಜರಿ ಪುಸ್ತಕವೇ ಇದ್ದಂತಾಯಿತು.

ರಸ್ಟ್ ಭಾಷೆಯಲ್ಲಿ ದಿಕ್ಕು ವಿರುದ್ಧವಾಗಿದೆ. ಅಲ್ಲಿ ಕಾಯುವವನ ವಸ್ತುವಿನೊಳಗೇ, ಸಾಮಾನ್ಯವಾಗಿ, ಅವನು ಯಾವುದಕ್ಕಾಗಿ ಕಾಯುತ್ತಿದ್ದಾನೋ ಅದರ ವಸ್ತು ಅಡಕವಾಗಿರುತ್ತದೆ. ಹೊರಗಿನ ವಸ್ತು ದೊರೆತರೆ ಪದರ ಬಿಡಿಸುತ್ತ ಒಳಕ್ಕೆ ಹೋಗಬಹುದು. ಒಳಗಿನದರಿಂದ ಹೊರಕ್ಕೆ ಬರುವ ನೇರ ದಾರಿ ಇರುವುದಿಲ್ಲ. ಆದ್ದರಿಂದ ಸಿ ಪ್ಲಸ್ ಪ್ಲಸ್ ಬಲ್ಲ ಶೋಧಕ ತನ್ನ ವಿಧಾನವನ್ನು ಯಥಾವತ್ತಾಗಿ ಇಲ್ಲಿಗೆ ತಂದರೆ ಫಲ ದೊರೆಯಲಾರದು. ಪೈಥಾನ್‌ನಲ್ಲಿ, ತಾನು ಯಾವುದಕ್ಕಾಗಿ ಕಾಯುತ್ತಿದ್ದೇನೆಂಬುದನ್ನು ಕೋರೂಟೀನ್ ವಸ್ತುವೇ ಗುಣವಿಶೇಷವಾಗಿ ಹೊಂದಿರುತ್ತದೆ. 2025ರಲ್ಲಿ ಬಂದ ಪೈಥಾನ್ 3.14, ನಡೆಯುತ್ತಿರುವ ಪ್ರೋಗ್ರಾಮಿನಲ್ಲಿ ಯಾರು ಯಾರಿಗಾಗಿ ಕಾಯುತ್ತಿದ್ದಾರೆಂಬುದನ್ನು ಮರದ ರೂಪದಲ್ಲಿ ತೋರಿಸುವ ಸೌಲಭ್ಯವನ್ನು ಭಾಷೆಯೊಡನೆಯೇ ನೀಡಿತು.

ಸಿ ಪ್ಲಸ್ ಪ್ಲಸ್ ವಲಯದಲ್ಲಿಯೂ ಇಂತಹ ಪ್ರಯತ್ನಗಳು ನಡೆದಿವೆ. ಫೇಸ್‌ಬುಕ್‌ನಲ್ಲಿ ರೂಪುಗೊಂಡ ಫೋಲಿ ಎಂಬ ಲೈಬ್ರರಿಯು ಕೋರೂಟೀನುಗಳಿಗೆ ಹೆಚ್ಚುವರಿಯಾಗಿ ಒಂದು ಸಣ್ಣ ದಾಖಲೆಯನ್ನು ಅಂಟಿಸುತ್ತದೆ. ಅದರಲ್ಲಿ ಕಾಯುತ್ತಿರುವವನ ದಾಖಲೆಯ ವಿಳಾಸವೂ, ಅವನು ಮುಂದುವರಿಯಬೇಕಾದ ಸಂಕೇತದ ವಿಳಾಸವೂ ಇರುತ್ತವೆ. ಪ್ರೋಗ್ರಾಂ ನಡೆಯುವಾಗಲೇ ಸ್ವಲ್ಪ ವೆಚ್ಚವನ್ನು ಒಪ್ಪಿಕೊಂಡು, ಮುಂದೆ ಎಂದೋ ಬರಬಹುದಾದ ಶೋಧಕನಿಗಾಗಿ ಕುರುಹು ಬಿಡುವ ಕ್ರಮವಿದು.

8. ಪಠ್ಯವೂ ಸಂದರ್ಭವೂ

ಜಾನಪದ ಸಂಗ್ರಹವೊಂದಕ್ಕೆ ಪಠ್ಯ ಮಾತ್ರ ಸಾಲದು. ನುಡಿಯ ಹೆಣಿಗೆ ಮತ್ತು ಪ್ರದರ್ಶನದ ಸಂದರ್ಭಗಳೂ ದಾಖಲಾಗಬೇಕೆಂದು ಡಂಡೆಸ್ 1964ರಲ್ಲಿಯೇ ವಾದಿಸಿದ್ದರು. ಕೋರ್ ಡಂಪ್ ವಿಷಯದಲ್ಲಿಯೂ ಈ ಮಾತಿಗೆ ನೇರವಾದ ಪ್ರಸಕ್ತಿಯಿದೆ. ಡಂಪ್ ಎಂಬುದು ಸಂಖ್ಯೆಗಳ ಮಹಾರಾಶಿ. ಅದನ್ನು ಅರ್ಥವಾಗಿಸುವ ಹೆಸರುಗಳು, ಸಾಲುಗಳು, ವಸ್ತುಗಳ ವಿನ್ಯಾಸ ಇವೆಲ್ಲ ಪ್ರತ್ಯೇಕವಾದ ಡಿಬಗ್ ಮಾಹಿತಿಯಲ್ಲಿರುತ್ತವೆ. ಕುಸಿದ ಪ್ರೋಗ್ರಾಮನ್ನು ಮರಳಿ ಕಂಪೈಲ್ ಮಾಡಿ ಆ ಮಾಹಿತಿಯನ್ನು ಪಡೆಯುತ್ತೇವೆಂಬ ನಂಬಿಕೆ ಅಪಾಯಕಾರಿ. ಕಂಪೈಲರಿನ ಆವೃತ್ತಿ ಬದಲಾದರೂ ಚೌಕಟ್ಟಿನ ಒಳವಿನ್ಯಾಸ ಬದಲಾಗಬಹುದು. ಅದಕ್ಕಾಗಿಯೇ ಪ್ರೋಗ್ರಾಮಿಗೂ ಅದರ ಡಿಬಗ್ ಮಾಹಿತಿಗೂ ಒಂದೇ ಗುರುತಿನ ಸಂಖ್ಯೆಯನ್ನು ಹೊಂದಿಸಿ, ಎರಡನ್ನೂ ಜೊತೆಯಾಗಿ ಕಾಪಾಡುವ ಪದ್ಧತಿ ರೂಢಿಗೆ ಬಂದಿದೆ.

ಎಷ್ಟೇ ಜಾಗ್ರತೆ ವಹಿಸಿದರೂ ಕೆಲವು ಅಂಶಗಳು ದೊರೆಯುವುದಿಲ್ಲ. ನಿಲುಗಡೆಯ ಆಚೆಗೆ ಬೇಕಾಗದ ಮೌಲ್ಯಗಳನ್ನು ಕಂಪೈಲರ್ ಚೌಕಟ್ಟಿನಲ್ಲಿ ಇರಿಸಬೇಕಾಗಿಲ್ಲ. ಕೆಲವೊಮ್ಮೆ ವೇಗಕ್ಕಾಗಿ ಒಂದು ಕೋರೂಟೀನಿನ ಚೌಕಟ್ಟನ್ನೇ ಕರೆದವನ ಚೌಕಟ್ಟಿನೊಳಗೆ ಸೇರಿಸಿಬಿಡುತ್ತದೆ. ಆಗ ಹೀಪ್‌ನಲ್ಲಿ ಹುಡುಕಿದವನಿಗೆ ಅದು ಸ್ವತಂತ್ರ ತುಣುಕಾಗಿ ಕಾಣಿಸುವುದಿಲ್ಲ. ಕಾಣದಿರುವುದನ್ನೇ ಇಲ್ಲದಿರುವುದೆಂದು ತೀರ್ಮಾನಿಸಬಾರದೆಂಬ ಕ್ಷೇತ್ರಕಾರ್ಯದ ವಿವೇಕ ಇಲ್ಲಿಯೂ ಅಗತ್ಯ.

ಇನ್ನೊಂದು ಹೊಣೆಯನ್ನೂ ಮರೆಯುವಂತಿಲ್ಲ. ಕಾಯುತ್ತಿರುವ ಕೋರೂಟೀನುಗಳ ಚೌಕಟ್ಟುಗಳಲ್ಲಿ ಗ್ರಾಹಕರ ವಿನಂತಿಗಳೇ ಇರುತ್ತವೆ. ಹೆಸರು, ಗುಪ್ತಪದ, ಗೂಢಲಿಪಿಯ ಕೀಲಿ ಎಲ್ಲವೂ ಡಂಪ್‌ನೊಳಗೆ ಬರಬಹುದು. ಕೆಲವು ಸ್ಮೃತಿಭಾಗಗಳನ್ನು ಡಂಪ್‌ನಿಂದ ಹೊರಗಿಡುವಂತೆ ಕೋರುವ ಸೌಲಭ್ಯ ಲಿನಕ್ಸ್‌ನ 2012ರ 3.4 ಆವೃತ್ತಿಯಿಂದ ಲಭ್ಯವಿದೆ. ಆದರೆ ಹೊರಗಿಟ್ಟಷ್ಟೂ ಶೋಧಕನ ಸಾಕ್ಷ್ಯ ಕುಗ್ಗುತ್ತದೆ. ಮಾಹಿತಿದಾರರ ಗೋಪ್ಯತೆ ಮತ್ತು ದಾಖಲೆಯ ಸಮಗ್ರತೆಗಳ ನಡುವಿನ ಈ ಬಿಕ್ಕಟ್ಟು ಯಾವುದೇ ಸಂಗ್ರಹಕಾರನಿಗೆ ಪರಿಚಿತವಾದುದೇ ಆಗಿದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕೋರ್ ಡಂಪ್ ಸ್ಮೃತಿಯ ಬಹುಪಾಲನ್ನು ಉಳಿಸುತ್ತದೆಯಾದರೂ ತಾನಾಗಿ ಮಾತನಾಡುವುದು ನಡೆಯುತ್ತಿದ್ದವರ ಬಗ್ಗೆ ಮಾತ್ರ. ಕೋರೂಟೀನುಗಳನ್ನು ಅವಲಂಬಿಸಿದ ಪ್ರೋಗ್ರಾಮುಗಳಲ್ಲಿ ಕಾರಣವಿರುವುದು ಬಹುಮಟ್ಟಿಗೆ ಕಾಯುತ್ತಿದ್ದವರ ಕಡೆ. ಅವರನ್ನು ಗುರುತಿಸಲು ಚೌಕಟ್ಟಿನ ಮೊದಲ ವಿಳಾಸ, ಪ್ರಾಮಿಸ್‌ನೊಳಗಿನ ಕೊಂಡಿ, ನಿಲುಗಡೆಯ ಸಂಖ್ಯೆ ಎಂಬ ಮೂರು ಕುರುಹುಗಳು ನೆರವಾಗುತ್ತವೆ. ಅವುಗಳಲ್ಲಿ ಎರಡನೆಯದು ಆಯಾ ಲೈಬ್ರರಿಯನ್ನು ಬಲ್ಲವರಿಗೆ ಮಾತ್ರ ತಿಳಿದಿರುತ್ತದೆ.

ಇಂತಹ ತಿಳಿವಳಿಕೆ ಒಬ್ಬ ಅನುಭವಿ ತಜ್ಞ ಕೆಲಸ ಬಿಟ್ಟು ಹೋದಾಗ ಅವನೊಡನೆಯೇ ಹೊರಟುಹೋಗಬಹುದು. ಅನಂತರ ಬಂದವರ ಕೈಯಲ್ಲಿ ಡಂಪ್ ಇರುತ್ತದೆ, ಓದುವ ಬಗೆ ಇರುವುದಿಲ್ಲ. ಅಪರೂಪಕ್ಕೊಮ್ಮೆ ಮಾತ್ರ ತಲೆದೋರುವ ದೋಷಕ್ಕೆ ಆ ಒಂದು ಡಂಪ್ ಬಿಟ್ಟರೆ ಬೇರೆ ಸಾಕ್ಷ್ಯ ಇಲ್ಲದಿರುವುದೂ ಉಂಟು. ಸಿಲ್ಲಾ ಡಿಬಿಯ ಲಿಪಿ, ಫೋಲಿಯ ಹೆಚ್ಚುವರಿ ದಾಖಲೆ, ಪೈಥಾನಿನ ಹೊಸ ಸೌಲಭ್ಯ ಇವು ವ್ಯಕ್ತಿಗಳಲ್ಲಿದ್ದ ವಿದ್ಯೆಯನ್ನು ಪ್ರೋಗ್ರಾಮಿನ ಜೊತೆಯಲ್ಲಿಯೇ ನೆಲೆಗೊಳಿಸಿರುವ ಮಾದರಿಗಳು. ಓದುವ ಲಿಪಿಯನ್ನು ಪ್ರೋಗ್ರಾಮಿನ ಮೂಲ ಸಂಕೇತದೊಡನೆಯೇ ಇರಿಸಿ, ಚೌಕಟ್ಟಿನ ವಿನ್ಯಾಸ ಬದಲಾದಾಗಲೆಲ್ಲ ಅದನ್ನೂ ಪರಿಷ್ಕರಿಸುವುದು ಈ ಪರಂಪರೆಯ ರಕ್ಷಣೆಗೆ ಅಗತ್ಯವಾದ ಕನಿಷ್ಠ ಕ್ರಮವಾಗಿದೆ.